ಕಾರಣ ನಮೂದಿಸುವುದು ಕಡ್ಡಾಯ

ನಾನು ಮೊದಲು ಕೆಲಸಕ್ಕೆ ಸೇರಿದ ಸಾಫ್ಟ್‌ವೇರ್ ಕಂಪನಿ ಗಾಂಧಿ ಬಜಾರಿನ ಒಂದು ಗ್ರಂಧಿಗೆ ಅಂಗಡಿಯ ಮೇಲಿತ್ತು. ಕಂಪನಿ ಎಂದ ಕೂಡಲೇ ಗಾಜಿನ ಕಟ್ಟಡವನ್ನು ಕಲ್ಪಿಸಿಕೊಳ್ಳಬೇಡಿ. ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯಲಾಗದ ಮೆಟ್ಟಿಲು, ಮೆಟ್ಟಿಲ ಮೇಲೆ ಅಂಗಡಿಯವರು ಒಟ್ಟಿದ್ದ ದರ್ಭೆಯ ಕಟ್ಟುಗಳು, ಮೇಲೊಂದು ಉದ್ದನೆಯ ಕೋಣೆ. ಕರ್ಪೂರ, ಊದುಬತ್ತಿಯ ವಾಸನೆ ಇಡೀ ದಿನ ಕೆಳಗಿನಿಂದ ಏರಿ ಬರುತ್ತಿತ್ತು. ಅದೇ ಕೋಣೆಯಲ್ಲಿ ನಮ್ಮ ಬಾಸ್ ಬಹಳ ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದ್ದರು. ತೊಂಬತ್ತರ ದಶಕದಲ್ಲಿ ಟೈಪ್‌ರೈಟರುಗಳನ್ನು ಗುಜರಿಗೆ ಹಾಕಿ, ಆ ಮೇಜುಗಳ ಮೇಲೇ ಕಂಪ್ಯೂಟರ್ ಕೂರಿಸಿ ಕಂಪ್ಯೂಟರ್ ಸೆಂಟರ್ ಮಾಡಿದರು. ಎರಡು ಸಾವಿರದ ಇಸವಿ ಹತ್ತಿರವಾದಂತೆ ಊರಿಗೆಲ್ಲ ಡಾಟ್‌ಕಾಂ ಜ್ವರ ಹತ್ತಿತು. ಬೋರ್ಡು ಮತ್ತೊಮ್ಮೆ ಬದಲಾಯಿತು, ಮೇಜುಗಳು ಮಾತ್ರ ಅವೇ. ಬಾಸ್ ಕೊನೆಯವರೆಗೂ ಸಾಫ್ಟ್‌ವೇರನ್ನು ಪುಟಗಳಲ್ಲೇ ಅಳೆಯುತ್ತಿದ್ದರು. ಸಂಜೆಯಾದರೆ ಬೆನ್ನ ಹಿಂದೆ ಬಂದು ನಿಂತು "ಇವತ್ತು ಎಷ್ಟು ಪುಟ ಆಯ್ತಮ್ಮಾ?" ಎನ್ನುವರು. ಕಡಿಮೆ ಸಾಲಿನಲ್ಲಿ ಕೆಲಸ ಮುಗಿಸಿದ ದಿನ ನನಗೆ ಬೈಗುಳ ಖಾತ್ರಿ.

ಪ್ರೋಗ್ರಾಮರುಗಳು ನಾವು ಇಬ್ಬರೇ. ನಾನು ತ್ಯಾಗರಾಜನಗರದವಳು, ಜನ ನೋಡುವ ವೆಬ್ ಪುಟಗಳನ್ನು ಬರೆಯುವುದು ನನ್ನ ಪಾಲು. ಆ ಪುಟಗಳ ಹಿಂದೆ ಮಾಹಿತಿಯನ್ನು ಕೂಡಿಡುವ ಡೇಟಾಬೇಸ್ ನನ್ನ ಗೆಳೆಯನದು. ಅವನು ಚಾಮರಾಜಪೇಟೆಯ ಹುಡುಗ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್, ಅಕ್ಕ ಬಸವನಗುಡಿಯ ಒಂದು ಶಾಲೆಯಲ್ಲಿ ಟೀಚರ್. ನನಗೆ ಮೂಗಿನ ತುದಿಯಲ್ಲೇ ಕೋಪ. ಅವನು ದನಿ ಎತ್ತಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಎದುರಿನವರು ಏನೇ ಅಸಂಬದ್ಧ ಹೇಳಿದರೂ ಪೆನ್ನು ಹಿಡಿದು, ತಲೆ ಬಗ್ಗಿಸಿ, "ಏನಂತ ಬರ್ಕೊಳ್ಲಿ ಸಾರ್?" ಎಂದು ಕೇಳುವುದು ಅವನ ರೂಢಿ. ಆ ಪ್ರಶ್ನೆ ಎಷ್ಟು ಹರಿತ ಎಂಬುದು ನನಗೆ ತಿಳಿಯಲು ಒಂದು ಛತ್ರ ಬೇಕಾಯಿತು.

ಛತ್ರ ನಮ್ಮ ಆಫೀಸಿನಿಂದ ನಡೆದು ಹೋಗುವಷ್ಟು ಹತ್ತಿರವಿತ್ತು. ಅದನ್ನು ನಡೆಸುತ್ತಿದ್ದ ಟ್ರಸ್ಟಿನವರು 'ಸಭಾಂಗಣ' ಎಂದು ಬೋರ್ಡು ಹಾಕಿಸಿದ್ದರೂ ಮದುವೆ ಮಾಡುವವರ ಬಾಯಲ್ಲಿ ಅದು ಛತ್ರವೇ. ಹೆಬ್ಬಾಗಿಲ ಪಕ್ಕದ ಅಮೃತಶಿಲೆಯಲ್ಲಿ 'ಸಮಸ್ತ ಸಾರ್ವಜನಿಕರ ಉಪಯೋಗಕ್ಕಾಗಿ' ಎಂದು ಕೆತ್ತಿಸಿದ್ದರು. ಒಳಗಡೆಯ ವ್ಯವಹಾರವೆಲ್ಲ ಮ್ಯಾನೇಜರದು. ಅವರ ಮೇಜಿನ ಮೇಲೆ ಒಂದು ರಿಜಿಸ್ಟರ್, ಒಂದು ಪೆನ್ಸಿಲ್, ಸವೆದು ಗೋಲಿಯಂತಾದ ಒಂದು ರಬ್ಬರ್. ಮುಹೂರ್ತದ ದಿನಗಳನ್ನು ಪೆನ್ಸಿಲಿನಲ್ಲಿ ಬರೆದು, ಬೇಕಾದಾಗ ಉಜ್ಜಿ, ಬೇಕಾದವರಿಗೆ ಕೊಡುವ ಕಲೆಯಲ್ಲಿ ಅವರು ಪಳಗಿಹೋಗಿದ್ದರು.

ಟ್ರಸ್ಟಿನ ಕಾರ್ಯದರ್ಶಿಗಳಿಗೆ ಈ ರಬ್ಬರಿನ ಮೇಲೆ ವಿಪರೀತ ಸಿಟ್ಟು. ಅವರು ಆಡಿಟ್ ಆಫೀಸಿನಿಂದ ನಿವೃತ್ತರಾದವರು. ಮನೆಯಲ್ಲಿ ಹಾಲಿನವನನ್ನೂ ಆಡಿಟ್ ಮಾಡುತ್ತಿದ್ದರೆಂದು ಕೇಳಿದ್ದೇನೆ. ಛತ್ರದ ಖಾಲಿ ದಿನಗಳು ಇಂಟರ್‌ನೆಟ್ಟಿನಲ್ಲಿ ಕಾಣಬೇಕು, ಜನ ಅಲ್ಲೇ ಕಾದಿರಿಸಬೇಕು, ಮ್ಯಾನೇಜರ್ ಕೈಗೆ ರಬ್ಬರ್ ಸಿಗಬಾರದು: ಇದು ಅವರ ಕನಸು. ಕನಸನ್ನು ನನಸು ಮಾಡಿಕೊಡುವುದಾಗಿ ನಮ್ಮ ಬಾಸ್ ಒಪ್ಪಿಕೊಂಡು, ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು.

ಕೂತ ಕೂಡಲೇ ಕಾರ್ಯದರ್ಶಿಗಳು ನನ್ನನ್ನು ಕೇಳಿದರು. "ನಿಮ್ಮ ಮನೆ ಎಲ್ಲಮ್ಮಾ?" ತ್ಯಾಗರಾಜನಗರ ಎಂದೆ. ತಂದೆಯ ಹೆಸರು ಕೇಳಿದರು, ಹೇಳಿದೆ. ಅಷ್ಟಕ್ಕೇ ಅವರ ಮುಖ ಅರಳಿತು. ನಂತರ ಗೆಳೆಯನ ಕಡೆ ತಿರುಗಿದರು.

"ನಿಮ್ದು ಯಾವೂರಪ್ಪಾ?"

"ಇದೇ ಊರು ಸಾರ್. ಚಾಮರಾಜಪೇಟೆ."

"ಅಲ್ಲ, ಮೂಲ?"

"ಮೂಲಾನೂ ಚಾಮರಾಜಪೇಟೆನೇ ಸಾರ್. ನಮ್ಮ ತಾತಾನೂ ಅಲ್ಲೇ ಹುಟ್ಟಿದ್ದು."

"ಮನೆದೇವ್ರು ಯಾವುದು?"

"ಅಮ್ಮ ಒಂದು ಹೇಳ್ತಾರೆ, ಅಪ್ಪ ಒಂದು ಹೇಳ್ತಾರೆ ಸಾರ್. ಇನ್ನೂ ಸೆಟ್ಲ್ ಆಗಿಲ್ಲ."

ನಮ್ಮ ಕಡೆಯವರು ಜಾತಿ ಕೇಳುವಷ್ಟು ಅನಾಗರಿಕರಲ್ಲ. ಊರು ಕೇಳುತ್ತೇವೆ, ಬೀದಿ ಕೇಳುತ್ತೇವೆ, ಹಬ್ಬಕ್ಕೆ ಏನು ಅಡುಗೆ ಎಂದು ಕೇಳುತ್ತೇವೆ. ಉತ್ತರ ಸಿಗುವವರೆಗೂ ಕೇಳುತ್ತೇವೆ. ನಾನು ಇದರಲ್ಲೇ ಬೆಳೆದವಳಾದ್ದರಿಂದ ಮೂರನೆಯ ಪ್ರಶ್ನೆಯ ಹೊತ್ತಿಗೇ ಕಿವಿ ಬಿಸಿಯಾಯಿತು. ಗೆಳೆಯ ಮಾತ್ರ ನೋಟ್‌ಪ್ಯಾಡಿನ ಮೇಲೆ ದಿನಾಂಕ ಬರೆದು ಗೆರೆ ಎಳೆಯುತ್ತಿದ್ದ.

ಆಮೇಲೆ ಕಾರ್ಯದರ್ಶಿಗಳು ತಮ್ಮ ಬೇಡಿಕೆಗಳನ್ನು ಒಂದೊಂದಾಗಿ ಹೇಳಿದರು. ಒಮ್ಮೆ ರಸೀದಿ ಹೋದ ಬುಕಿಂಗನ್ನು ಅಳಿಸಲು ಯಾರಿಗೂ ಆಗಬಾರದು. "ನನಗೂ ಆಗಬಾರದಪ್ಪಾ. ನಾಳೆ ನಾನೂ ಕೆಡಬಹುದು," ಎಂದು ಮ್ಯಾನೇಜರ್ ಕಡೆ ನೋಡಿ ನಕ್ಕರು. ರದ್ದು ಮಾಡಬಹುದು, ಆದರೆ ಕಾರಣ ನಮೂದಿಸುವುದು ಕಡ್ಡಾಯ. ಆ ಕಾರಣ ಪತ್ರದಲ್ಲಿ ಅಚ್ಚಾಗಿ, ಕಾರ್ಯದರ್ಶಿಗಳ ಸಹಿಯೊಂದಿಗೆ ಪಾರ್ಟಿಗೆ ಹೋಗಬೇಕು. ಕಾರಣಗಳ ಪಟ್ಟಿಯೂ ಅವರೇ ಕೊಟ್ಟರು: ಪಾರ್ಟಿಯೇ ಕೇಳಿದ್ದು, ಸೂತಕ, ಛತ್ರದ ದುರಸ್ತಿ.

"ದುರಸ್ತಿ ಅಂತ ಹೇಳಿ ಇವ್ನು ಒಬ್ರಿಗೆ ಇಲ್ಲ ಅಂತಾನೆ, ಅದೇ ದಿನ ಇನ್ನೊಬ್ರಿಗೆ ಕೊಡ್ತಾನೆ," ಎಂದು ಮ್ಯಾನೇಜರನ್ನು ತೋರಿಸಿ ಹೇಳಿದರು. ಮ್ಯಾನೇಜರ್ ಗೋಡೆಯ ಗಡಿಯಾರ ನೋಡುತ್ತಿದ್ದರು. "ದುರಸ್ತಿ ಅಂತ ಒತ್ತಿದ್ರೆ ಹದಿನೈದು ದಿನ ಛತ್ರ ಪೂರ್ತಿ ಮುಚ್ಚಿಹೋಗ್ಬೇಕು. ಯಾರಿಗೂ ಇಲ್ಲ. ಆಗ ಗೊತ್ತಾಗುತ್ತೆ."

"'ಇತರೆ' ಅಂತ ಒಂದು ಇರ್ಲಾ ಸಾರ್?" ಗೆಳೆಯ ಕೇಳಿದ.

"ಇರ್ಲಿ. ಆದ್ರೆ ಏನು ಇತರೆ ಅಂತ ಬಿಡಿಸಿ ಬರೀಬೇಕು. 'ಅನಿವಾರ್ಯ ಕಾರಣ', 'ತಾಂತ್ರಿಕ ಕಾರಣ', 'ಆಡಳಿತಾತ್ಮಕ ಕಾರಣ', ಇಂಥದೆಲ್ಲ ಬರೆದ್ರೆ ಕಂಪ್ಯೂಟರ್ ವಾಪಸ್ ಕಳಿಸ್ಬೇಕು. ನಾನು ಸರ್ವೀಸ್‌ನಲ್ಲಿದ್ದಾಗ ಈ ಪದ ಬರೆದವರಿಗೆಲ್ಲ ಆಬ್ಜೆಕ್ಷನ್ ಹಾಕಿದೀನಿ."

ಗೆಳೆಯ ಒಂದೊಂದನ್ನೂ ಬರೆದುಕೊಂಡ. ಕೊನೆಗೆ, ಬುಕ್ ಮಾಡುವವರಿಂದ ಏನೇನು ಮಾಹಿತಿ ಕೇಳಬೇಕೆಂಬ ಮಾತು ಬಂತು. ಹೆಸರು, ವಿಳಾಸ, ಫೋನು, ಮದುವೆಯೋ ಮುಂಜಿಯೋ, ಯಾವ ದಿನ. ಕಾರ್ಯದರ್ಶಿಗಳು ಸ್ವಲ್ಪ ತಡೆದು, "ಮತ್ತೆ ಅದೊಂದು ಇರ್ಬೇಕು," ಎಂದರು.

"ಯಾವುದು ಸಾರ್?"

"ಅದೇಪ್ಪ. ಇವ್ನು ಫೋನಲ್ಲಿ ಕೇಳ್ತಾನಲ್ಲ."

"ಯಾವ ಕಡೆಯವರು ಅಂತ," ಎಂದು ಮ್ಯಾನೇಜರ್ ನೆರವಿಗೆ ಬಂದರು.

"ಏರಿಯಾನಾ ಸಾರ್? ಅದು ವಿಳಾಸದಲ್ಲೇ ಬರುತ್ತಲ್ಲ."

"ಏರಿಯಾ ಅಲ್ಲ."

"ಜಿಲ್ಲೆನಾ?"

"ಅದೂ ಅಲ್ಲಪ್ಪ." ಕಾರ್ಯದರ್ಶಿಗಳು ಉಗುಳು ನುಂಗಿದರು. "ಅದು… ಅಂದ್ರೆ… ನಮ್ಮೋರೋ, ಹೇಗೆ, ಅಂತ."

"ಕಾಲಂಗೆ ಒಂದು ಹೆಸರು ಬೇಕು ಸಾರ್," ಗೆಳೆಯ ಪೆನ್ನು ಹಿಡಿದು ಕಾಯುತ್ತ ಹೇಳಿದ. "ಹೆಸರಿಲ್ಲದ ಕಾಲಂನ ಡೇಟಾಬೇಸ್ ತಗೊಳ್ಳಲ್ಲ. ಏನಂತ ಬರ್ಕೊಳ್ಲಿ?"

ಬಾಸ್ ನನ್ನ ಕಡೆ ನೋಡಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಕಾರ್ಯದರ್ಶಿಗಳು ಕಿಟಕಿಯಾಚೆಗಿನ ಅಮೃತಶಿಲೆಯ ಕಡೆಗೊಮ್ಮೆ ಕಣ್ಣು ಹಾಯಿಸಿ, "ಇದೆಲ್ಲ ಹೊರಗಿನವರಿಗೂ ಕಾಣ್ಸುತ್ತಾ?" ಎಂದು ಕೇಳಿದರು.

"ಪ್ರಪಂಚಕ್ಕೆಲ್ಲ ಕಾಣುತ್ತೆ ಸಾರ್."

"ಹಾಗಾದ್ರೆ ಬಿಡು, ಬೇಡ. ಹೆಸರು ನೋಡಿದ್ರೆ ಗೊತ್ತಾಗುತ್ತೆ ಬಿಡು."

ಹೀಗೆ ಆ ಕಾಲಂ ಹುಟ್ಟಲೇ ಇಲ್ಲ. ಗಂಟೆಗಟ್ಟಲೆ ಮಾತಾಡಬಲ್ಲ ವಿದ್ಯಾವಂತರು ಎರಡಕ್ಷರದ ಪದವೊಂದನ್ನು ಬಾಯಿಬಿಟ್ಟು ಹೇಳಲಾರದೆ ಕೈಬಿಟ್ಟರು. ಡೇಟಾಬೇಸ್ ಕೆಲಸದಲ್ಲಿ ಬೇಡಿಕೆಯನ್ನು ಮರೆತವರನ್ನು ಆಮೇಲೆ ಬೇಕಾದಷ್ಟು ನೋಡಿದೆ. ನಾಚಿಕೆಯಿಂದ ನುಂಗಿಕೊಂಡವರನ್ನು ನೋಡಿದ್ದು ಅಲ್ಲೊಂದೇ ಕಡೆ.

ಕೆಲಸ ಸಾಗಿತು. ಆಗಿನ್ನೂ ವೆಬ್ಬಿನಲ್ಲಿ ಕನ್ನಡ ಮೂಡಿಸುವುದು ದೊಡ್ಡ ಪಾಡಾಗಿದ್ದರಿಂದ ಎಲ್ಲವನ್ನೂ ಇಂಗ್ಲಿಷಿನಲ್ಲೇ ಮಾಡಿದೆವು. ನಾನು ಖಾಲಿ ದಿನಕ್ಕೆ ಹಸಿರು, ತುಂಬಿದ ದಿನಕ್ಕೆ ಕೆಂಪು ಬಣ್ಣ ಕೊಟ್ಟು ಕ್ಯಾಲೆಂಡರ್ ಬರೆದೆ. ಗೆಳೆಯ ದಿನಗಳಿಗೊಂದು, ಪಾರ್ಟಿಗಳಿಗೊಂದು, ರಸೀದಿಗಳಿಗೊಂದು ಟೇಬಲ್ ಮಾಡಿ, ಒಂದಕ್ಕೊಂದು ಗಂಟು ಹಾಕಿದ. ರಸೀದಿ ಇರುವವರೆಗೆ ಬುಕಿಂಗ್ ಅಳಿಯದು, ರಸೀದಿಯಂತೂ ಎಂದೂ ಅಳಿಯದು. ಇವನ್ನೆಲ್ಲ ಎಲ್ಲೋ ಅಮೆರಿಕದಲ್ಲಿದ್ದ ಸರ್ವರಿಗೆ ಫೋನ್ ಲೈನಿನ ಮೂಲಕ ಕಳಿಸಬೇಕು. ಅರ್ಧ ಹೋಗಿರುವಾಗ ಬಾಸ್ ಮನೆಗೆ ಫೋನ್ ಮಾಡಲೆಂದು ರಿಸೀವರ್ ಎತ್ತಿಬಿಡುತ್ತಿದ್ದರು, ಲೈನು ಕಡಿದು ಎಲ್ಲ ಮೊದಲಿಂದ. ನಾನು ಕಿರುಚಿದರೆ, "ಇರ್ಲಿ ಬಿಡಮ್ಮಾ, ಹುರಳಿಕಾಯಿ ತರ್ಬೇಕಾ ಅಂತ ಕೇಳ್ದೆ ಅಷ್ಟೆ," ಎನ್ನುವರು.

ಛತ್ರದ ಆಫೀಸಿನಲ್ಲಿ ಕಂಪ್ಯೂಟರ್ ಕೂರಿಸಿದ ದಿನ ಪೂಜೆ ಇಟ್ಟುಕೊಂಡಿದ್ದರು. ಪುರೋಹಿತರು ಮಾನಿಟರಿಗೆ ಕುಂಕುಮ ಹಚ್ಚಿ, ಮೌಸಿನ ಮೇಲೆ ಅಕ್ಷತೆ ಹಾಕಿದರು. ಆ ಅಕ್ಷತೆ ಮೌಸಿನ ಹೊಟ್ಟೆಗೆ ಸೇರಿ ಬಾಣದ ಗುರುತು ಪರದೆಯ ಎಡಮೂಲೆ ಬಿಟ್ಟು ಕದಲಲಿಲ್ಲ. ಮ್ಯಾನೇಜರ್ ಬಹಳ ಖುಷಿಯಾಗಿ, "ನಾನು ಆಗ್ಲೇ ಹೇಳಿದ್ನಲ್ಲ," ಎಂದರು. ಮೌಸ್ ಬಿಚ್ಚಿ ಅಕ್ಕಿಕಾಳು ತೆಗೆದ ಮೇಲೆ ಅವರ ಖುಷಿ ಇಳಿಯಿತು. ಅಂದಿನಿಂದ ಹಣದ ಡ್ರಾಫ್ಟ್ ಅಂಚೆಯಲ್ಲಿ ಬಂದರೆ ಅದರ ನಂಬರನ್ನು ಅಲ್ಲಿ ಒತ್ತುವುದು, ಅಚ್ಚಾಗಿ ಬಂದ ರಸೀದಿಗೆ ಸೀಲು ಹಾಕಿ ಕಳಿಸುವುದು, ಇಷ್ಟೇ ಅವರ ಕೆಲಸವಾಯಿತು. ಪಾರ್ಟಿಯ ಮುಖ ನೋಡುವ ಭಾಗ್ಯ ತಪ್ಪಿತು.

ಒಂದು ಮಧ್ಯಾಹ್ನ ಆಫೀಸಿನಲ್ಲಿ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದೆವು. ಗೆಳೆಯ ಚಪಾತಿ ಮುರಿಯುತ್ತ, "ಅಕ್ಕನ ಮದುವೆ ಗೊತ್ತಾಯ್ತು ಕಣೆ. ಛತ್ರ ಬುಕ್ ಮಾಡ್ದೆ," ಎಂದ.

"ಯಾವ ಛತ್ರ?"

"ನಮ್ದೇ."

ಅವನ ಮನೆಯಲ್ಲಿ ಬುದ್ಧನ ಪಟ ಇರುವುದು ನನಗೆ ಗೊತ್ತಿತ್ತು. ಅವನ ತಂದೆ ತಾಯಿ ಹೋಗುವ ಬೌದ್ಧ ವಿಹಾರದ ಬಗ್ಗೆ ಅವನೇ ಹೇಳಿದ್ದ. ಬೀದಿ ಕೇಳಿ, ಹಬ್ಬ ಕೇಳಿ ತಿಳಿದುಕೊಳ್ಳುವವರ ಮನೆಯಲ್ಲಿ ಬೆಳೆದವಳಿಗೆ ಉಳಿದದ್ದು ತಾನಾಗಿ ತಿಳಿದಿತ್ತು.

"ಅವ್ರು ಬಿಡ್ತಾರೇನೋ?" ಎಂದೆ.

"ಬಿಡೋದೇನು? ದಿನ ಹಸಿರು ಇತ್ತು. ಒತ್ತಿದೆ. ಡ್ರಾಫ್ಟ್ ಹೋಗಿದೆ, ರಸೀದಿ ಬಂದಿದೆ."

ಅವನು ಆಮೇಲೆ ಹೇಳಿದ್ದನ್ನು ನಾನು ಮರೆತಿಲ್ಲ. ಕೆಲವು ವರ್ಷಗಳ ಹಿಂದೆ ಅವನ ತಂದೆ ಅವನ ಚಿಕ್ಕಪ್ಪನ ಮದುವೆಗೆಂದು ಅದೇ ಛತ್ರ ಕೇಳಲು ಹೋಗಿದ್ದರಂತೆ. ಮ್ಯಾನೇಜರ್ ಊರು, ಬೀದಿ ಎಲ್ಲ ವಿಚಾರಿಸಿ, ರಿಜಿಸ್ಟರ್ ತೆರೆಯದೆಯೇ "ಆ ದಿನ ಖಾಲಿ ಇಲ್ಲ" ಅಂದರಂತೆ. "ಆ ಮುಹೂರ್ತದ ದಿನ ಸಂಜೆ ಅಪ್ಪ ಬೇಕಂತ್ಲೇ ಆ ರೋಡಲ್ಲಿ ನಡ್ಕೊಂಡ್ ಹೋದ್ರು ಕಣೆ. ಗೇಟಿಗೆ ಬೀಗ. ಒಳಗೆ ಒಂದು ಲೈಟೂ ಇರ್ಲಿಲ್ಲ. ಮನೆಗೆ ಬಂದು ಅಮ್ಮಂಗೆ ಮಾತ್ರ ಹೇಳಿದ್ರಂತೆ. ಅಕ್ಕ ಬಾಗಿಲ ಹಿಂದೆ ಕೇಳಿಸ್ಕೊಂಡ್ಳು. ದಿನಾ ಸ್ಕೂಲಿಗೆ ಅದರ ಮುಂದೇನೇ ಹೋಗ್ತಾಳೆ. ಈಗ ಮದುವೆ ಅಂದ್ರೆ ಅಲ್ಲೇ ಅಂತಾಳೆ."

ಆಗ ನನಗೆ ಆ ಪೆನ್ನು, ಆ ನೋಟ್‌ಪ್ಯಾಡು, ಆ ಮುಗ್ಧ ಮುಖ ನೆನಪಾಯಿತು. "ಅಂದ್ರೆ ಅವತ್ತು 'ಜಿಲ್ಲೆನಾ ಸಾರ್' ಅಂತ ಕೇಳಿದ್ಯಲ್ಲ…"

"ಕ್ಲೈಂಟ್ ಹೇಳ್ದೆ ಇರೋದನ್ನ ನಾವಾಗೇ ಸೇರಿಸ್ಬಾರದು ಅಂತ ಬಾಸೇ ಹೇಳಿಲ್ವಾ?" ಎಂದು ಅವನು ಉಪ್ಪಿನಕಾಯಿ ಕೇಳಿದ. ನನಗೆ ನಗು ಬಂತು, ಭಯವೂ ಆಯಿತು. ಲಗ್ನಪತ್ರಿಕೆಗಳು ಅಚ್ಚಾಗಿ ಹಂಚಿಯೂ ಆಗಿದ್ದವು. ಈಗ ಛತ್ರ ಕೈತಪ್ಪಿದರೆ ಆ ಅಕ್ಕ ತನ್ನ ಶಾಲೆಯ ಮಕ್ಕಳ ಮುಂದೆ, ಟೀಚರುಗಳ ಮುಂದೆ ಏನೆಂದು ಹೇಳಬೇಕು ಎಂದು ಯೋಚಿಸುತ್ತ ಡಬ್ಬಿ ಮುಚ್ಚಿಟ್ಟೆ.

ಗುಟ್ಟೇನೂ ರಟ್ಟಾಗಲಿಲ್ಲ; ಗುಟ್ಟು ಮಾಡಿದವರೇ ಯಾರೂ ಇರಲಿಲ್ಲ. ಮದುವೆಗೆ ಕೆಲವು ದಿನ ಮುಂಚೆ ಗೆಳೆಯನ ತಂದೆ ವೇದಿಕೆ ನೋಡಲು ಛತ್ರಕ್ಕೆ ಹೋದರು. ಇಸ್ತ್ರಿ ಮಾಡಿದ ಷರಟು, ಜೇಬಿನಲ್ಲಿ ರಸೀದಿ. ಅವರ ಹೆಸರು ಊರಿನ ಅರ್ಧ ಜನಕ್ಕಿರುವ ದೇವರ ಹೆಸರಾದ್ದರಿಂದ ಮ್ಯಾನೇಜರ್ ಹಳೆಯ ಗುರುತು ಹತ್ತದೆ ಕುರ್ಚಿ ಕೊಟ್ಟು ಉಪಚರಿಸಿದರು. ಹೋಮಕುಂಡ ಎಲ್ಲಿಡಿಸಲಿ ಎಂದು ಕೇಳಿದಾಗ ಅವರು, "ಹೋಮ ಇಲ್ಲ ಸಾರ್, ಪುರೋಹಿತರೂ ಇಲ್ಲ. ಬುದ್ಧನ ಪಟ ಇಡಕ್ಕೆ ಒಂದು ಎತ್ತರದ ಮೇಜು ಬೇಕು, ಮದುವೆ ಮಾಡಿಸೋ ಭಂತೇಜಿ ಕೂರಕ್ಕೆ ಒಂದು ಕುರ್ಚಿ," ಎಂದರಂತೆ. ಮ್ಯಾನೇಜರ್ ನೀರು ತರುತ್ತೇನೆಂದು ಎದ್ದು ಹೋದವರು ನೇರ ಫೋನಿಗೆ ಕೈಹಾಕಿದರು.

ಮರುದಿನ ನಮ್ಮ ಮೂವರಿಗೂ ಛತ್ರದಿಂದ ಕರೆ ಬಂತು. ಕಾರ್ಯದರ್ಶಿಗಳು ಕಂಪ್ಯೂಟರಿನ ಪಕ್ಕ ಕೂತಿದ್ದರು. ಮ್ಯಾನೇಜರ್ ಅವರ ಹಿಂದೆ ಕೈಕಟ್ಟಿ ನಿಂತಿದ್ದರು. ಆ ದಿನ ಅವರ ಮುಖದಲ್ಲಿದ್ದ ಕಳೆ ಕಂಪ್ಯೂಟರ್ ಬಂದಾಗಿನಿಂದ ಕಂಡಿರಲಿಲ್ಲ.

"ನೋಡಪ್ಪಾ, ಕಂಪ್ಯೂಟರ್ ಒಂದು ಮಿಸ್ಟೇಕ್ ಮಾಡಿದೆ," ಎಂದು ಕಾರ್ಯದರ್ಶಿಗಳು ಶುರುಮಾಡಿದರು.

"ಏನ್ ಮಿಸ್ಟೇಕ್ ಸಾರ್?"

"ಒಂದು ಪಾರ್ಟಿಗೆ ದಿನ ಕೊಟ್ಬಿಟ್ಟಿದೆ."

"ದಿನ ಖಾಲಿ ಇತ್ತಾ ಸಾರ್?"

"ಖಾಲಿ ಇತ್ತು."

"ಹಣ ಬಂದಿದೆಯಾ?"

"ಬಂದಿದೆಯಪ್ಪಾ. ಅದಲ್ಲ ವಿಷಯ. ಅದು ಬೇರೆ ಥರ. ಅದನ್ನ ತೆಗೀಬೇಕು."

"ಆ ಪಾರ್ಟಿ ನಮ್ಮ ತಂದೆ ಸಾರ್. ಮದುವೆ ನಮ್ಮ ಅಕ್ಕಂದು," ಎಂದ ಗೆಳೆಯ.

ಬಾಸ್ ಬಾಯಲ್ಲಿದ್ದ ಕಾಫಿ ನೆತ್ತಿಗೇರಿ ಕೆಮ್ಮಿದರು. ಕಾರ್ಯದರ್ಶಿಗಳಿಗೆ ನಾಚಿಕೆಯಾಗಬಹುದೆಂದು ನಾನು ಅಂದುಕೊಂಡಿದ್ದೆ. ಆ ವಯಸ್ಸಿನಲ್ಲಿ ನನಗೆ ಮನುಷ್ಯರ ಮೇಲೆ ಅಂಥ ಭರವಸೆಯೆಲ್ಲ ಇತ್ತು. ಅವರ ಮುಖದಲ್ಲಿ ಕಂಡದ್ದು ನಿರಾಳ.

"ಅಯ್ಯೋ, ಹಾಗಾದ್ರೆ ಸುಲಭ ಆಯ್ತಲ್ಲ! ಓದಿದ ಹುಡುಗ ನೀನು, ಅರ್ಥ ಮಾಡ್ಕೋತೀಯ. ಮನೇಲಿ ಸಮಾಧಾನವಾಗಿ ಹೇಳು."

"ಏನಂತ ಹೇಳ್ಲಿ ಸಾರ್?"

"ಸುಮ್ನೆ ಅಳಿಸ್ಬಿಡೋ ಮಾರಾಯ," ಎಂದು ಬಾಸ್ ನಡುವೆ ಬಂದರು.

"ಅಳಿಸಕ್ಕೆ ಯಾರಿಗೂ ಆಗಬಾರದು ಅಂತ ಹೇಳಿದಾರೆ ಸಾರ್. ಆಗಲ್ಲ. ರದ್ದು ಮಾಡ್ಬಹುದು." ಗೆಳೆಯ ಕಂಪ್ಯೂಟರಿನ ಮುಂದೆ ಕೂತು ತನ್ನ ಅಕ್ಕನ ಬುಕಿಂಗ್ ತೆರೆದ. ಪರದೆಯ ಮೇಲೆ ಕಾರಣಗಳ ಪಟ್ಟಿ ಬಂತು. "ಪಾರ್ಟಿ ಕೇಳಿಲ್ಲ. ಸೂತಕ ಇಲ್ಲ. ದುರಸ್ತಿ ಅಂತ ಹಾಕ್ಲಾ?"

"ಹಾಕು, ಹಾಕು. ದುರಸ್ತಿ ಚೆನ್ನಾಗಿದೆ," ಎಂದರು ಕಾರ್ಯದರ್ಶಿಗಳು.

ಗೆಳೆಯ ಒತ್ತಿದ. ಕಂಪ್ಯೂಟರ್ ತಾನು ಕಲಿತಂತೆ, ಹದಿನೈದು ದಿನ ಛತ್ರ ಮುಚ್ಚಲಾಗುವುದು, ಈ ಕೆಳಗಿನವರೆಲ್ಲರಿಗೂ ರದ್ದತಿ ಪತ್ರ ಹೋಗುವುದು, ಒಪ್ಪಿಗೆಯೇ ಎಂದು ಕೇಳಿತು. ಪಟ್ಟಿಯ ಎರಡನೆಯ ಸಾಲಿನಲ್ಲಿ ಕಾರ್ಯದರ್ಶಿಗಳ ಮೊಮ್ಮಗನ ಮುಂಜಿ ಇತ್ತು.

"ಬೇಡ! ಬೇಡ!" ಅವರು ಕುರ್ಚಿಯಿಂದ ಅರ್ಧ ಎದ್ದುಬಿಟ್ಟರು. "ಬೇರೆ ಏನಾದ್ರೂ ಮಾಡು. ಅನಿವಾರ್ಯ ಅಂತ ಬರಿ."

ಬರೆದ. ವಾಪಸ್ ಬಂತು. ತಾಂತ್ರಿಕ ಎಂದು ಬರೆದ. ಅದೂ ವಾಪಸ್. ಬಾಸ್ ಬೆವರು ಒರೆಸಿಕೊಂಡು ಕೀಬೋರ್ಡನ್ನು ನನ್ನ ಕಡೆ ತಳ್ಳಿದರು. "ನೀನಾದ್ರೂ ಏನಾದ್ರೂ ಮಾಡಮ್ಮಾ."

"ನನಗೆ ಡೇಟಾಬೇಸ್ ಬರಲ್ಲ ಸಾರ್," ಎಂದೆ. ಶುದ್ಧ ಸುಳ್ಳು. ಆ ಸುಳ್ಳನ್ನು ನೆನೆದರೆ ನನಗೆ ಈಗಲೂ ಸಂತೋಷವಾಗುತ್ತದೆ.

ಗೆಳೆಯ ಕೀಬೋರ್ಡನ್ನು ಮತ್ತೆ ತನ್ನ ಮುಂದೆ ಎಳೆದುಕೊಂಡ. "ಇತರೆ ಅಂತ ಹಾಕಿದೀನಿ ಸಾರ್. ಏನು ಇತರೆ ಅಂತ ಬಿಡಿಸಿ ಬರೀಬೇಕು. ನಿಮ್ಮ ಸಹಿ ಜೊತೆ ನಮ್ಮ ಅಪ್ಪಂಗೆ ಪತ್ರ ಬರುತ್ತೆ. ಹೇಳಿ ಸಾರ್, ಏನಂತ ಬರೀಲಿ?"

ಅವನ ದನಿ ಏರಿರಲಿಲ್ಲ. ಪರದೆಯ ಮೇಲೆ ಖಾಲಿ ಚೌಕದಲ್ಲಿ ಗೆರೆ ಮಿಟುಕುತ್ತಿತ್ತು. ಕಾರ್ಯದರ್ಶಿಗಳು ಅದನ್ನೇ ನೋಡುತ್ತಿದ್ದರು. ಒಂದೇ ಒಂದು ಪದ ಹೇಳಿದ್ದರೆ ಕೆಲಸ ಮುಗಿಯುತ್ತಿತ್ತು. ಅದನ್ನು ಇಡೀ ಜೀವಮಾನ ಮನಸ್ಸಿನಲ್ಲೇ ಆಡಿಕೊಂಡು ಬಂದ ಮನುಷ್ಯನಿಗೆ, ಸಹಿ ಹಾಕುವ ಕಾಗದದ ಮೇಲೆ ಅದನ್ನು ಕಾಣಲು ಧೈರ್ಯ ಬರಲಿಲ್ಲ. ಆಡಿಟ್ಟಿನವರಿಗೆ ಬರಹಕ್ಕೆ ಇಳಿದದ್ದರ ಬೆಲೆ ಚೆನ್ನಾಗಿ ಗೊತ್ತಿರುತ್ತದೆ.

ಕೊನೆಗೆ ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಬುದ್ಧ ಅಂದ್ರೂ ದಶಾವತಾರದಲ್ಲಿ ಒಬ್ಬನೇ ತಾನೆ," ಎಂದರು. "ನಡೀಲಿ ಬಿಡು."

ಮದುವೆ ನಡೆಯಿತು. ಬಿಳಿಸೀರೆಯುಟ್ಟ ಅಕ್ಕ ಬುದ್ಧನ ಪಟದ ಮುಂದೆ ಕೂತು, ತನ್ನ ಶಾಲೆಯ ಮಕ್ಕಳು ಸಾಲಾಗಿ ವೇದಿಕೆ ಹತ್ತಿದಾಗ ಎಲ್ಲರ ಹೆಸರು ಹಿಡಿದು ಕರೆದು ಮಾತಾಡಿಸಿದಳು. ನಮ್ಮಮ್ಮನೂ ಬಂದಿದ್ದಳು. ಅಡುಗೆ ಛತ್ರದ ಭಟ್ಟರದ್ದೇ ಎಂದು ಇಬ್ಬರ ಹತ್ತಿರ ಖಾತ್ರಿ ಮಾಡಿಕೊಂಡ ಮೇಲೆ ಹೋಳಿಗೆಯನ್ನು ಎರಡೆರಡು ಸಲ ಹಾಕಿಸಿಕೊಂಡಳು. ಸಂಜೆ ಆರತಕ್ಷತೆಯ ಹೊತ್ತಿಗೆ ಗೆಳೆಯನ ತಂದೆ ಮ್ಯಾನೇಜರ್ ಹತ್ತಿರ ಹೋಗಿ, ಇನ್ನೂ ಕತ್ತಲಾಗಿರದಿದ್ದರೂ, ಛತ್ರದ ಎಲ್ಲ ಲೈಟುಗಳನ್ನೂ ಹಾಕಿಸಿದರು. ಗೇಟಿನದು, ಮಹಡಿಯದು, ಹಿತ್ತಿಲದು, ಒಂದನ್ನೂ ಬಿಡಲಿಲ್ಲ. ಆಮೇಲೆ ರಸ್ತೆಯ ಆ ಬದಿಗೆ ಹೋಗಿ ನಿಂತು ಸ್ವಲ್ಪ ಹೊತ್ತು ನೋಡಿ ಬಂದರು.

ಅದಾದ ವಾರದಲ್ಲೇ ಛತ್ರದಲ್ಲಿ ಪುಣ್ಯಾಹ ಮಾಡಿಸಿದರು. ವಾರ್ಷಿಕ ಕಾರ್ಯಕ್ರಮ ಎಂದು ಬಾಸ್ ನಮಗೆ ಹೇಳಿದರು. ಆ ಹಿಂದಿನ ವರ್ಷಗಳಲ್ಲಿ ಅಂಥ ಕಾರ್ಯಕ್ರಮ ನಡೆದದ್ದು ಯಾರಿಗೂ ನೆನಪಿರಲಿಲ್ಲ. ತಿಂಗಳು ಕಳೆಯುವುದರೊಳಗೆ ವೆಬ್‌ಸೈಟನ್ನು ಮುಚ್ಚಿಸಿದರು. ಕೆಟ್ಟಿತ್ತೆಂದು ಮುಚ್ಚಿಸಿದ ಸಾಫ್ಟ್‌ವೇರ್ ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಸರಿಯಾಗಿ ಕೆಲಸ ಮಾಡಿತೆಂದು ಮುಚ್ಚಿಸಿದ್ದು ನಮ್ಮದೊಂದೇ. ಬಾಸ್ ಅದನ್ನು ನಮ್ಮ ಹೆಮ್ಮೆಯ ಕೆಲಸಗಳ ಪಟ್ಟಿಯಲ್ಲಿ ಹಾಗೇ ಉಳಿಸಿಕೊಂಡರು. ಗೆಳೆಯ ಊರಾಚೆಯ ದೊಡ್ಡ ಕಂಪನಿಯೊಂದಕ್ಕೆ ಹೋದ. ನಾನೂ ಹೆಚ್ಚು ದಿನ ಉಳಿಯಲಿಲ್ಲ.

ಕೆಲವು ವರ್ಷಗಳ ಮೇಲೆ ನನ್ನ ಮದುವೆ ನಿಶ್ಚಯವಾಯಿತು. ಛತ್ರ ಎಂದರೆ ಅದೇ ಆಗಬೇಕೆಂದು ಅಪ್ಪನ ಹಟ; ಮನೆಗೆ ಹತ್ತಿರ, ಊಟ ಚೆನ್ನ. ನಾನು ಬೇಡವೆಂದೆ, ಜಗಳವಾಡಿದೆ. "ನೋಡಿಕೊಂಡಾದ್ರೂ ಬರೋಣ ಬಾ," ಎಂದು ಎಳೆದುಕೊಂಡು ಹೋದರು.

ಮೂಲೆಯಲ್ಲಿ ಕಂಪ್ಯೂಟರಿಗೆ ಹೂವಿನ ಚಿತ್ರದ ಹೊದಿಕೆ ಹಾಕಿತ್ತು. ಮೇಜಿನ ಮೇಲೆ ಹೊಸ ರಿಜಿಸ್ಟರ್. ನಮಗಿಂತ ಮುಂಚೆ ಬಂದಿದ್ದ ಒಬ್ಬ ಹಿರಿಯರು ಮಾಘದ ಒಂದು ದಿನ ಕೇಳುತ್ತಿದ್ದರು. ಮ್ಯಾನೇಜರ್ ಅವರ ಊರು ಕೇಳಿದರು, ಬೀದಿ ಕೇಳಿದರು. "ಮಾಘ ಪೂರ್ತಿ ಖಾಲಿ ಇಲ್ಲ ಯಜಮಾನ್ರೆ," ಎಂದರು. ಅವರು ಮೇಜಿನ ಮೇಲಿಟ್ಟಿದ್ದ ಛತ್ರಿ ತೆಗೆದುಕೊಂಡು ಮೆಟ್ಟಿಲಿಳಿದು ಹೋದರು.

ಮ್ಯಾನೇಜರ್ ಅಪ್ಪನ ಕಡೆ ತಿರುಗಿದರು. "ತಮ್ಮದು ಯಾವ ಕಡೆ…" ಪ್ರಶ್ನೆ ಮುಗಿಯುವ ಮೊದಲೇ ಅಪ್ಪ ಪಂಗಡ, ಒಳಪಂಗಡ, ಗೋತ್ರ, ಎಲ್ಲ ಒಪ್ಪಿಸಿಬಿಟ್ಟರು. ಹೆಮ್ಮೆಯಿಂದ ಒಪ್ಪಿಸಿದರು. ನಾವು ಕೇಳಿದ್ದೂ ಮಾಘದ ದಿನವೇ.

"ಬನ್ನಿ ಬನ್ನಿ, ಖಾಲಿ ಇದೆ," ಎಂದು ಮ್ಯಾನೇಜರ್ ಪೆನ್ನು ತೆಗೆದು, ಈ ಸಲ ಶಾಯಿಯಲ್ಲೇ, ಅಪ್ಪನ ಹೆಸರು ಬರೆದರು.

"ರದ್ದು ಮಾಡಿ," ಎಂದೆ.

"ಏನೇ ಬಂತು ನಿನಗೆ?" ಎಂದು ಅಪ್ಪ ರೇಗಿದರು. ನಾನು ಅವರ ಕಡೆ ನೋಡಲಿಲ್ಲ.

ಮ್ಯಾನೇಜರಿಗೆ ಈಗ ನನ್ನ ಗುರುತು ಹತ್ತಿತು. ಬರೆದ ಹೆಸರಿನ ಮುಂದೆ ರಿಜಿಸ್ಟರಿನ ಕೊನೆಯ ಕಾಲಂಗೆ ಬೆರಳಿಟ್ಟರು. ನಮ್ಮ ಇಡೀ ಸಾಫ್ಟ್‌ವೇರಿನಲ್ಲಿ ಕಾರ್ಯದರ್ಶಿಗಳು ಉಳಿಸಿಕೊಂಡದ್ದು ಅದೊಂದನ್ನೇ. ಪ್ರತಿ ಪುಟದಲ್ಲೂ ಅಚ್ಚು ಹಾಕಿಸಿದ್ದರು.

"ಕಾರಣ ಬರೀಬೇಕಮ್ಮಾ, ಕಡ್ಡಾಯ. ಏನಂತ ಬರ್ಕೊಳ್ಲಿ?"

"ಜಾತಿ ಅಂತ ಬರ್ಕೊಳ್ಳಿ," ಎಂದೆ.

ಅಪ್ಪ ಬಾಗಿಲ ಕಡೆ ನೋಡಿದರು, ಯಾರಾದರೂ ಕೇಳಿಸಿಕೊಂಡರೇನೋ ಎಂದು. ಮ್ಯಾನೇಜರ್ ಪೆನ್ನನ್ನು ಕಾಗದಕ್ಕೆ ತಾಗಿಸಿ ಮತ್ತೆ ಎತ್ತಿದರು.

"ವೈಯಕ್ತಿಕ ಕಾರಣ ಅಂತ ಹಾಕ್ಕೋತೀನಿ ಬಿಡಮ್ಮಾ," ಎಂದು ಬರೆದು, ಪೆನ್ನಿನ ಮುಚ್ಚಳ ಹಾಕಿದರು.